ಬೆಟ್ಟದ ಅಂಚೆ: ಎಲ್ಲರೂ ಬಲಕ್ಕೆ ಹೋದರು, ನಾವು ಎಡಕ್ಕೆ

ಮೂವತ್ತು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತವಳು ನಾನು. ಕಾಗದ ಕೈಗೆ ಬಂದ ದಿನವೇ ವಿಲೇವಾರಿ ಆಗಬೇಕು ಅನ್ನೋದು ಅಭ್ಯಾಸ. ಆದರೆ ಈ ಸಲದ ಮೊದಲ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ದಿನ ಹಿಡಿಯಿತು. ಮಧ್ಯೆ ಮಗಳಿಗೆ ಎರಡು ಸಲ ಫೋನ್ ಮಾಡಿ, ಹಳೇ ಫೋಟೊ ತೆಗೆಸಿ, ಸಮಯ ನೋಡಿಕೊಂಡೆ. ಉಳಿದ ಪತ್ರಗಳು ಚಿಕ್ಕವು.

ಪ್ರಶ್ನೆ: ನಮಸ್ಕಾರ ಮೇಡಂ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 61. ಜುಲೈನಲ್ಲಿ ಮಗನ ಮನೆಗೆ ಅಮೆರಿಕದ ಡೆನ್ವರಿಗೆ ಹೋಗುತ್ತಿದ್ದೇವೆ. ಮುಳ್ಳಯ್ಯನಗಿರಿ ಎಷ್ಟು ಸಲ ಹತ್ತಿದ್ದೇನೋ ಲೆಕ್ಕವಿಲ್ಲ. ಕುಮಾರ ಪರ್ವತ ಮೂರು ಸಲ ಆಗಿದೆ. ‘ಅಪ್ಪಾ, ಇಲ್ಲಿ ಹದಿನಾಲ್ಕು ಸಾವಿರ ಅಡಿ ಬೆಟ್ಟ ಇವೆ, ಒಂದು ಹತ್ತಿಸ್ತೀನಿ’ ಅಂತ ಮಗ ಹೇಳುತ್ತಿದ್ದಾನೆ. ಆದರೆ ರಜಾ ದಿನ ಅಲ್ಲೂ ಜಾತ್ರೆಯಂತೆ. ನೀವು ಮಗಳ ಮನೆಗೆ ಹೋದಾಗ ಅಲ್ಲೆಲ್ಲ ಓಡಾಡಿದ್ದೀರಿ ಅಂತ ಕೇಳಿದ್ದೇನೆ. ಜನ ಕಡಿಮೆ ಇರುವ, ಒಂದೇ ದಿನದಲ್ಲಿ ಎರಡು ಶಿಖರ ಹತ್ತಿ ಬರಬಹುದಾದ ಜಾಗ ಇದೆಯಾ? ನನ್ನ ಕೈಲಿ ಆಗುತ್ತದಾ?
— ಹಾಸನದ ಓದುಗರು

ಉತ್ತರ: ಮೇಷ್ಟ್ರೇ, ಇದೆ. ಆಗುತ್ತೆ ಕೂಡ. ಆದರೆ ನೀವು ಕೇಳಿದ್ದು ಕಾಲಿನ ವಿಷಯ. ನಾನು ಹೇಳಬೇಕಾಗಿರುವುದು ಉಸಿರು ಮತ್ತು ಗಡಿಯಾರದ ವಿಷಯ.

ಡೆನ್ವರಿನಿಂದ ನೈರುತ್ಯಕ್ಕೆ ಕಾರಿನಲ್ಲಿ ಎರಡು ತಾಸು ಹೋದರೆ ಫೇರ್‌ಪ್ಲೇ ಎಂಬ ಪುಟ್ಟ ಊರು. ಅದರ ಪಶ್ಚಿಮಕ್ಕಿರುವ ಬೆಟ್ಟಸಾಲಿನ ಹೆಸರು ಮಸ್ಕೀಟೊ ರೇಂಜ್. ಹೌದು, ಸೊಳ್ಳೆ ಸಾಲು! ಆ ಎತ್ತರದಲ್ಲಿ ನನಗೆ ಒಂದು ಸೊಳ್ಳೆಯೂ ಕಚ್ಚಲಿಲ್ಲ, ಆ ಮಾತು ಬೇರೆ. ಈ ಸಾಲಿನಲ್ಲಿ ಷರ್ಮನ್ ಅಂತ ಒಂದು ಬೆಟ್ಟ ಇದೆ. ಹಳೇ ನಕ್ಷೆಗಳಲ್ಲಿ ಅದರ ಎತ್ತರ 14,036 ಅಡಿ. ಕೊಲೊರಾಡೊ ರಾಜ್ಯದಲ್ಲಿ 14,000 ಅಡಿ ದಾಟಿದ ಬೆಟ್ಟಗಳು ಐವತ್ತಕ್ಕೂ ಹೆಚ್ಚು. ಅವಕ್ಕೆ ‘ಫೋರ್ಟೀನರ್’ ಅನ್ನುತ್ತಾರೆ. ಜನ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೇ ಟಿಕ್ ಹಾಕುತ್ತಾ ಬರುತ್ತಾರೆ, ನಮ್ಮಲ್ಲಿ ಹನ್ನೆರಡು ಜ್ಯೋತಿರ್ಲಿಂಗ ಮುಗಿಸುವವರ ಹಾಗೆ. ಷರ್ಮನ್ ಇದರಲ್ಲಿ ಸುಲಭದ್ದು ಅಂತ ಹೆಸರು. ಹಾಗಾಗಿ ಜಾತ್ರೆ ಅಲ್ಲಿ.

ಷರ್ಮನ್ನಿನ ದಕ್ಷಿಣಕ್ಕೆ, ಅದಕ್ಕೆ ಅಂಟಿಕೊಂಡೇ ಷೆರಿಡನ್ ಇದೆ. ಸುಮಾರು 13,750 ಅಡಿ. ಅದರಾಚೆ ಪೀರ್‌ಲೆಸ್ ಎಂಬ ಗುಡ್ಡ. ಅದರಾಚೆ ಹಾರ್ಸ್‌ಶೂ, ಸುಮಾರು 13,900 ಅಡಿ. ರಾಜ್ಯದ ಅತಿ ಎತ್ತರದ ನೂರು ಶಿಖರಗಳಲ್ಲಿ ಹಾರ್ಸ್‌ಶೂ ಕೂಡ ಒಂದು. ಆದರೆ ಹದಿನಾಲ್ಕಕ್ಕೆ ನೂರಡಿ ಕಡಿಮೆ ಬಿತ್ತಲ್ಲ, ಹೆಚ್ಚಿನವರು ಆ ಕಡೆ ತಲೆ ಹಾಕುವುದಿಲ್ಲ. ಪಾಸಾಗಲು 35 ಬೇಕಿದ್ದಾಗ 34 ತೆಗೆದ ಹುಡುಗನ ಪಾಡು. ಮೇಷ್ಟ್ರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹಾರ್ಸ್‌ಶೂ ಅಂದರೆ ಕುದುರೆ ಲಾಳ. ನಮ್ಮ ಕಡೆ ಕುದುರೆಯ ಮುಖ ಇದೆ, ಅಲ್ಲಿ ಲಾಳ. ಹಿಂದೆ ಯಾವುದೋ ಕಾಲದಲ್ಲಿ ಹಿಮನದಿ ಬೆಟ್ಟದ ಪೂರ್ವದ ಮಗ್ಗುಲನ್ನು ಚಮಚದಿಂದ ಐಸ್‌ಕ್ರೀಂ ತೆಗೆದ ಹಾಗೆ ಕೆರೆದುಕೊಂಡು ಹೋಗಿದೆ. ಉಳಿದ ಅಂಚು ಲಾಳದಂತೆ ಬಾಗಿದೆ. ಕೆಳಗಿನ ಮಣ್ಣು ರಸ್ತೆಯಲ್ಲಿ ಕಾರಿನಿಂದಲೇ ಕಾಣುತ್ತದೆ. ನಮ್ಮ ಅಳಿಯ ತೋರಿಸಿದಾಗ ನಾನು ‘ಅದಾ? ಅಲ್ಲಿಗಾ?’ ಅಂದಿದ್ದೆ.

ಈಗ ದಾರಿ. ಫೇರ್‌ಪ್ಲೇ ದಾಟಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಬಲಗಡೆ ಫೋರ್‌ಮೈಲ್ ಕ್ರೀಕ್ ರಸ್ತೆ. ಹತ್ತು ಹನ್ನೆರಡು ಮೈಲಿ ಮಣ್ಣು ರಸ್ತೆ. ಕೊನೆಕೊನೆಗೆ ಕಲ್ಲು, ಗುಂಡಿ. ಸಣ್ಣ ಕಾರಾದರೆ ಕೆಳಗೇ ನಿಲ್ಲಿಸಿ ನಡೆಯಿರಿ. ನಾವು ಎತ್ತರದ ಗಾಡಿಯಲ್ಲಿ ಹೋಗಿದ್ದರಿಂದ ಸುಮಾರು 12,000 ಅಡಿಯಲ್ಲಿರುವ ಗೇಟಿನ ತನಕ ಹೋದೆವು. ಅಲ್ಲಿ ಒಂದೂ ಮರ ಇಲ್ಲ. ಮರಗಳೆಲ್ಲ ಕೆಳಗೇ ನಿಂತುಬಿಟ್ಟಿರುತ್ತವೆ. ಬರೀ ಹುಲ್ಲು, ಕಲ್ಲು, ನೆಲಕ್ಕೆ ಅಂಟಿದಂಥ ಗುಂಡುಸೂಜಿ ತಲೆಯಷ್ಟು ಹೂವು.

ಗೇಟಿನಿಂದ ಹಳೇ ಗಣಿ ರಸ್ತೆಯಲ್ಲೇ ನಡಿಗೆ. ಡಾಂಟ್‌ಲೆಸ್ ಗಣಿ, ಆಮೇಲೆ ಹಿಲ್‌ಟಾಪ್ ಗಣಿ. ಹಿಲ್‌ಟಾಪ್‌ನ ಮುರುಕು ಮರದ ಕಟ್ಟಡ ದೂರಕ್ಕೇ ಕಾಣುತ್ತದೆ. ಅಲ್ಲಿಂದ ಕೆಳಗೆ ಲೀವಿಕ್ ಎಂಬ ಊರಿಗೆ ಅದಿರನ್ನು ತಂತಿಯ ಮೇಲೆ ತೊಟ್ಟಿಗಳಲ್ಲಿ ಇಳಿಸುತ್ತಿದ್ದರು. ಆ ತಂತಿ ಹೊತ್ತ ಮರದ ಕಂಬಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಲೀವಿಕ್ ಈಗ ಪಾಳು. ಚಳಿಗಾಲದಲ್ಲಿ ಅಲ್ಲಿಗೆ ಟಪಾಲು ಹೊತ್ತವನು ಯಾರೋ ಪುಣ್ಯಾತ್ಮ ಅಂತ ನಾನು ಸುಮ್ನೆ ನಿಂತು ಯೋಚಿಸಿದೆ. ಮಗಳು ‘ಅಮ್ಮಾ, ಡ್ಯೂಟಿ ಮುಗೀತು, ನಡಿ’ ಅಂದಳು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಷರ್ಮನ್ ಬೆಟ್ಟಕ್ಕೆ ಇಟ್ಟಿರುವುದು ಅಮೆರಿಕದ ಅಂತರ್ಯುದ್ಧದ ದಂಡನಾಯಕ ವಿಲಿಯಂ ಷರ್ಮನ್‌ನ ಹೆಸರು. ಅವನ ತಮ್ಮ ಜಾನ್ ಷರ್ಮನ್ ಸೆನೆಟರ್. ಸರ್ಕಾರ ತಿಂಗಳು ತಿಂಗಳೂ ಇಂತಿಷ್ಟು ಬೆಳ್ಳಿ ಕೊಳ್ಳಲೇಬೇಕು ಎಂಬ 1890ರ ಕಾನೂನು ಈ ತಮ್ಮನ ಹೆಸರಿನದು. ಬೆಳ್ಳಿ ಗಣಿಗಳಿಗೆ ಅದು ಕಾಮಧೇನು ಆಗಿತ್ತು. 1893ರ ಜೂನ್‌ನಲ್ಲಿ ಏನಾಯಿತು ಗೊತ್ತಾ? ನಮ್ಮ ಇಂಡಿಯಾದ ಟಂಕಸಾಲೆಗಳಲ್ಲಿ, ಜನ ಬೆಳ್ಳಿ ತಂದುಕೊಟ್ಟರೆ ರೂಪಾಯಿ ಹೊಡೆದು ಕೊಡುತ್ತಿದ್ದುದನ್ನು ಬ್ರಿಟಿಷರು ನಿಲ್ಲಿಸಿಬಿಟ್ಟರು. ಬೆಳ್ಳಿ ಬೆಲೆ ಧಡಕ್ಕನೆ ಬಿತ್ತು. ಕೊಲೊರಾಡೊದ ಎಷ್ಟೋ ಗಣಿಗಳು ಬಾಗಿಲು ಹಾಕಿದವು. ಆ ವರ್ಷದ ಕೊನೆಯೊಳಗೆ ಆ ಕಾನೂನೂ ಹೋಯಿತು. ಇಲ್ಲಿ ರೂಪಾಯಿ ಅಚ್ಚು ನಿಂತದ್ದಕ್ಕೆ ಅಲ್ಲಿ ಗಣಿ ಕೆಲಸದವನ ಅನ್ನ ಹೋಯಿತು. ಮನಿಯಾರ್ಡರ್ ಎಣಿಸಿ ಎಣಿಸಿ ಬೆರಳು ಸವೆಸಿಕೊಂಡವಳಿಗೆ ಇಂಥ ಕತೆ ಕೇಳಿದರೆ ಕಾಲು ನೋವು ಮರೆಯುತ್ತದೆ.

ಹಿಲ್‌ಟಾಪ್ ದಾಟಿದ ಮೇಲೆ ಏರಿ, ಎರಡು ಬೆಟ್ಟಗಳ ನಡುವಿನ ತಗ್ಗಿಗೆ ಬರುತ್ತೀರಿ. ಸುಮಾರು 13,100 ಅಡಿ. ಕುದುರೆಯ ಜೀನಿನ ಹಾಗೆ ಇರುವುದರಿಂದ ಅದಕ್ಕೆ ಸ್ಯಾಡಲ್ ಅನ್ನುತ್ತಾರೆ. ಇಲ್ಲೇ ನೋಡಿ ತಮಾಷೆ. ಎಲ್ಲರೂ ಬಲಕ್ಕೆ ತಿರುಗುತ್ತಾರೆ, ಷರ್ಮನ್ ಕಡೆಗೆ. ನಾವು ಹೋದ ಶನಿವಾರ ಬಲಗಡೆ ಏಣಿನ ಮೇಲೆ, ಅಂದರೆ ಬೆಟ್ಟದ ಬೆನ್ನಿನ ಮೇಲೆ, ಬಣ್ಣಬಣ್ಣದ ಜಾಕೀಟುಗಳ ಸಾಲೇ ಇತ್ತು. ಎಡಗಡೆ ಒಬ್ಬರೂ ಇಲ್ಲ. ಒಬ್ಬ ಹುಡುಗ ನಿಂತು, ‘ನೀವು ತಪ್ಪು ದಾರಿ ಹಿಡಿದಿದ್ದೀರಿ’ ಅಂತ ಪಾಪ ತಿದ್ದಲೂ ಬಂದ. ‘ಇಲ್ಲಪ್ಪ, ನಮಗೆ ಇದೇ ಬೇಕಾಗಿರೋದು’ ಅಂದೆ. ಅಳಿಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದ.

ಎಡಕ್ಕೆ ಇನ್ನೊಂದು ಆರುನೂರು ಅಡಿ ಏರಿದರೆ ಷೆರಿಡನ್ ನೆತ್ತಿ. ದಾರಿ ಸಡಿಲ ಕಲ್ಲಿನದು. ಕಾಲಿಟ್ಟರೆ ಹೆಂಚು ಮುರಿದ ಹಾಗೆ ಸದ್ದು. ನೆತ್ತಿಯಲ್ಲಿ ನಿಂತರೆ ಪಶ್ಚಿಮಕ್ಕೆ ಲೆಡ್‌ವಿಲ್ ಊರು, ಅದರ ಹಿಂದೆ ಎಲ್ಬರ್ಟ್. ರಾಕಿ ಪರ್ವತಗಳಲ್ಲೇ ಅತಿ ಎತ್ತರದ್ದು ಅದು. ದಕ್ಷಿಣಕ್ಕೆ ಲಾಳದ ಬೆಟ್ಟ. ಇಲ್ಲಿಂದ ಪೂರಾ ಇಳಿಯಬೇಕಿಲ್ಲ, ಏಣಿನ ಮೇಲೇ ಇಳಿದು ಹತ್ತಿ ಹೋಗಬಹುದು. ಕುಮಾರ ಪರ್ವತ ಮೂರು ಸಲ ಹತ್ತಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಶೇಷಪರ್ವತ ಹತ್ತಿ ‘ಅಬ್ಬಾ ಮುಗೀತು’ ಅಂತ ಬೆವರು ಒರೆಸಿಕೊಳ್ಳುವಾಗ, ಮುಂದೆ ಇಳಿದು ಮತ್ತೆ ಹತ್ತಬೇಕಾದ್ದು ಕಾಣುತ್ತದಲ್ಲ, ಅದೇ ಇದು.

ಒಟ್ಟು ಏರು ಎಷ್ಟು ಅಂತೀರಾ? ಗೇಟಿನಿಂದ ಲೆಕ್ಕ ಹಾಕಿದರೆ ಷೆರಿಡನ್, ಪೀರ್‌ಲೆಸ್, ಹಾರ್ಸ್‌ಶೂ ಎಲ್ಲ ಸೇರಿ ಸುಮಾರು 2,700 ಅಡಿ. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಏರುವುದು ಐದು ಸಾವಿರ ಅಡಿಗೂ ಜಾಸ್ತಿ. ಅಂದರೆ ಇದು ಅದರ ಅರ್ಧ. ಕಾಲಿಗೆ ಏನೂ ಅಲ್ಲ. ಇದೇ ಲೆಕ್ಕ ನನ್ನನ್ನು ಮೊದಲ ವರ್ಷ ಕೆಡಿಸಿದ್ದು.

ಆ ದಿನ ಬೆಳಿಗ್ಗೆ ಅಳಿಯ ‘ಐದಕ್ಕೆ ಹೊರಡೋಣ ಅತ್ತೆ’ ಅಂದ. ನಾನು, ‘ಅರ್ಧ ಕುಮಾರ ಪರ್ವತಕ್ಕೆ ಯಾಕಪ್ಪಾ ಇಷ್ಟು ಅವಸರ’ ಅಂತ ದೋಸೆ ಹುಯ್ಯಲು ನಿಂತೆ. ಗೇಟಿನ ಹತ್ತಿರ ನಡಿಗೆ ಶುರು ಮಾಡಿದಾಗ ಎಂಟೂಕಾಲು. ಇನ್ನೂರು ಹೆಜ್ಜೆ ಹಾಕುವಷ್ಟರಲ್ಲಿ ಗೊತ್ತಾಯಿತು. ಕಾಲು ಸರಿ ಇದೆ, ಎದೆ ಇಲ್ಲ. ಹದಿನಾಲ್ಕು ಸಾವಿರ ಅಡಿಯ ಹತ್ತಿರ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ಇರುವುದರ ಅರುವತ್ತು ಪರ್ಸೆಂಟ್ ಅಷ್ಟೇ. ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು. ಮೂಗಿನಿಂದ ಎಳೆದ ಗಾಳಿ ಗಂಟಲಲ್ಲೇ ಖರ್ಚಾದ ಹಾಗೆ. ಷೆರಿಡನ್ ತಲುಪಿದಾಗ ಹನ್ನೊಂದೂವರೆ.

ಅಲ್ಲೇ ತಿರುಗಬೇಕಿತ್ತು. ಎಲ್ಬರ್ಟ್ ಮೇಲೆ ಅಷ್ಟೊತ್ತಿಗೆ ಹೂಕೋಸಿನ ಹಾಗೆ ಮೋಡ ಎದ್ದಿತ್ತು. ಜುಲೈ, ಆಗಸ್ಟಿನಲ್ಲಿ ಅಲ್ಲಿಗೂ ಒಂದು ಮುಂಗಾರು ಬರುತ್ತದೆ. ನಮ್ಮ ಮಲೆನಾಡಿನ ಹಾಗೆ ದಿನಗಟ್ಟಲೆ ಸುರಿಯುವುದಿಲ್ಲ. ಬೆಳಿಗ್ಗೆ ನೀಲಿ ಆಕಾಶ, ಮಧ್ಯಾಹ್ನ ಗುಡುಗು, ಸಂಜೆ ಮತ್ತೆ ನೀಲಿ. ಮಗಳು ಹೇಳಿದಳು, ‘ಅಮ್ಮಾ, ವಾಪಸ್ ಹೋಗೋಣ’. ನಾನು, ‘ಇಷ್ಟು ದೂರ ಬಂದು ಅದೊಂದು ಬಿಡೋದಾ’ ಅಂದೆ. ಮಲೆನಾಡಿನವಳು ಮಳೆಗೆ ಹೆದರುತ್ತೇನಾ ಎಂಬ ಜಂಬ.

ಪೀರ್‌ಲೆಸ್ ಮೇಲೆ ಬಂದಾಗ ಹನ್ನೆರಡೂವರೆ. ಮೊದಲು ಬಂದದ್ದು ಮಳೆ ಅಲ್ಲ, ಆಲಿಕಲ್ಲು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಜಾಕೀಟಿನ ಮೇಲೆ ಚಟಪಟ. ಆಮೇಲೆ ಒಂದು ಸದ್ದು. ನನ್ನ ಕೈಯಲ್ಲಿದ್ದ ಅಲ್ಯುಮಿನಿಯಂ ಊರುಗೋಲು ಗುಂಯ್ ಅನ್ನುತ್ತಿತ್ತು. ಜೇನು ಹುಳ ಒಳಗೆ ಸಿಕ್ಕಿಹಾಕಿಕೊಂಡಿದೆಯೇನೋ ಅಂತ ಕಿವಿ ಹತ್ತಿರ ಹಿಡಿದು ನೋಡಿದೆ. ಅಳಿಯನ ಮುಖ ಬಿಳಿಚಿಕೊಂಡಿತು. ‘ಅತ್ತೆ, ಬಿಸಾಕಿ ಅದನ್ನ!’ ಅಂತ ಕೂಗಿದ. ಅವನು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ಸಿಡಿಲು ಇಳಿಯಲು ಜಾಗ ಹುಡುಕುವಾಗ ಹಾಗೆ ಸದ್ದಾಗುತ್ತದಂತೆ. ಸುತ್ತ ಮರವಿಲ್ಲ, ಮನೆಯಿಲ್ಲ. ಆ ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನಾವು ಮೂವರೇ. ಪೀರ್‌ಲೆಸ್ ಮತ್ತು ಹಾರ್ಸ್‌ಶೂ ನಡುವಿನ ತಗ್ಗಿಗೆ ಓಡಿದೆವು. ಅಲ್ಲಿಂದ ಪೂರ್ವಕ್ಕೆ ಒಂದು ಹಳೇ ಗಣಿ ರಸ್ತೆ ಇಳಿಯುತ್ತದೆ. ಅದನ್ನು ಹಿಡಿದು ಇಳಿದವರು ಹಿಂತಿರುಗಿ ನೋಡಲಿಲ್ಲ. ಊರುಗೋಲಿಗಾಗಿ ವಾಪಸ್ ಹೋಗಲಿಲ್ಲ. ಹೊಸದು, ಜೋಡಿಯಲ್ಲಿ ಒಂದು. ಉಳಿದ ಒಂದು ಈಗ ನಮ್ಮನೆ ಹಿತ್ತಿಲಲ್ಲಿ ಹಾಗಲ ಬಳ್ಳಿಗೆ ಆಸರೆ.

ಮುಂದಿನ ವರ್ಷ ಮತ್ತೆ ಹೋದಾಗ ದೋಸೆ ಇಲ್ಲ. ಹಿಂದಿನ ರಾತ್ರಿ ಫೇರ್‌ಪ್ಲೇಯಲ್ಲೇ ಉಳಿದೆವು. ಅದು ಸುಮಾರು 10,000 ಅಡಿಯಲ್ಲಿರುವ ಊರು. ದಕ್ಷಿಣ ಭಾರತದ ಅತಿ ಎತ್ತರದ ಆನಮುಡಿಯೇ 2,695 ಮೀಟರ್, ಅಂದರೆ 8,842 ಅಡಿ. ನಮ್ಮ ಮುಳ್ಳಯ್ಯನಗಿರಿ 6,330. ಅಲ್ಲಿ ಪೆಟ್ರೋಲ್ ಬಂಕೇ ಆನಮುಡಿಗಿಂತ ಎತ್ತರದಲ್ಲಿದೆ, ಯೋಚನೆ ಮಾಡಿ. ಪೇಟೆಯಲ್ಲಿ ಪ್ರೂನ್ಸ್ ಎಂಬ ಕತ್ತೆಗೆ ಒಂದು ಸ್ಮಾರಕ ಕಟ್ಟಿದ್ದಾರೆ, ಗಣಿಗಳಲ್ಲಿ ದುಡಿದ ಕತ್ತೆ ಅದು. ಸಂಜೆ ಬೇಕಾದರೆ ನೋಡಿ. ನನಗಂತೂ ಬಹಳ ಇಷ್ಟವಾಯಿತು.

ಬೆಳಿಗ್ಗೆ ಐದೂವರೆಗೆ ಗೇಟು ಬಿಟ್ಟೆವು. ಎಂಟೂಕಾಲಿಗೆ ಷೆರಿಡನ್. ಅಂದರೆ ಹಿಂದಿನ ವರ್ಷ ನಡಿಗೆ ಶುರು ಮಾಡಿದ ಹೊತ್ತಿಗೆ ನಾನು ಮೊದಲ ಶಿಖರದ ಮೇಲಿದ್ದೆ. ಆಕಾಶ ತೊಳೆದ ತಟ್ಟೆ. ಪೀರ್‌ಲೆಸ್ ದಾಟುವಾಗ ನನ್ನ ಊರುಗೋಲು ಸಿಗುತ್ತದೇನೋ ಅಂತ ಕಣ್ಣು ಹಾಯಿಸಿದೆ. ಯಾರೋ ಪುಣ್ಯವಂತರು ತೆಗೆದುಕೊಂಡು ಹೋಗಿದ್ದರು. ಹಾರ್ಸ್‌ಶೂ ಏರು ಉದ್ದ, ಆದರೆ ಕಡಿದಲ್ಲ. ಎಡಗಡೆ ಲಾಳದ ಒಳಮೈ ಪಾತಾಳಕ್ಕೆ ಇಳಿದಿರುತ್ತದೆ. ಅಂಚಿನಿಂದ ಹತ್ತು ಮಾರು ದೂರವೇ ನಡೆಯಿರಿ. ಜುಲೈ ಮೊದಲಲ್ಲಿ ಅಂಚಿಗೆ ಹಿಮ ಚಾಚಿಕೊಂಡಿರುತ್ತದೆ, ಕೆಳಗೆ ನೆಲ ಇರುವುದಿಲ್ಲ.

ಹತ್ತು ಮುಕ್ಕಾಲಿಗೆ ನೆತ್ತಿ. ಅಲ್ಲಿ ಒಂದು ಮನೆ ಇದೆ ಮೇಷ್ಟ್ರೇ! 13,900 ಅಡಿಯಲ್ಲಿ ಗಣಿಯವರ ಕಾಲದ ಮುರುಕು ಮರದ ಗೂಡು. ಹಲಗೆಗಳು ಬಿಸಿಲಿಗೆ, ಗಾಳಿಗೆ ಬೂದುಬಣ್ಣಕ್ಕೆ ತಿರುಗಿವೆ. ಮುಟ್ಟಿದರೆ ಹಳೇ ತೊಲೆಯ ಹಾಗೆ ಏಣುಏಣು. ಮೊಳೆಗಳ ಸುತ್ತ ಮಾತ್ರ ತುಕ್ಕು ಇಳಿದು ಕೆಂಪಗೆ, ಅರಿಸಿನ ಕುಂಕುಮ ಹಚ್ಚಿದ ಹಾಗೆ. ಗಾಳಿಗೆ ಮರೆಯಾಗಿ ಅದರ ಪಕ್ಕ ಕೂತು ಚಿತ್ರಾನ್ನ ತಿಂದೆವು. ಖಾರಾಬೂಂದಿಯ ಪೊಟ್ಟಣ ತೆಗೆದರೆ ಅದು ದಿಂಬಿನ ಹಾಗೆ ಉಬ್ಬಿತ್ತು. ಹೊರಗೆ ಒತ್ತಡ ಕಡಿಮೆಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ನಿಮಗೆ ಪಾಠ ಮಾಡಲು ಒಳ್ಳೇ ಉದಾಹರಣೆ. ದೂರದಲ್ಲಿ ಷರ್ಮನ್ ಮೇಲೆ ಇರುವೆಗಳ ಹಾಗೆ ಜನ. ನಮ್ಮ ನೆತ್ತಿಯಲ್ಲಿ ನಾವು ಮೂವರು, ಆ ಗೂಡು. ಒಂದು ಗಂಟೆಗೆಲ್ಲ ಕಾರಿನಲ್ಲಿದ್ದೆವು. ಎರಡಕ್ಕೆ ಗುಡುಗಿತು.

ಹಾಗಾಗಿ ನಿಮಗೆ ನನ್ನ ಸಲಹೆ ಇಷ್ಟು. ಡೆನ್ವರ್ ತಲುಪಿ ಮೊದಲ ವಾರ ಬೆಟ್ಟದ ಮಾತು ಬೇಡ. ಆ ಊರೇ 5,280 ಅಡಿಯಲ್ಲಿದೆ. ಆಮೇಲೆ ಹತ್ತು, ಹನ್ನೊಂದು ಸಾವಿರ ಅಡಿಯಲ್ಲಿ ಒಂದೆರಡು ದಿನ ಸಣ್ಣ ನಡಿಗೆ ಮಾಡಿ. ಹಿಂದಿನ ರಾತ್ರಿ ಫೇರ್‌ಪ್ಲೇಯಲ್ಲಿ ಮಲಗಿ. ನಿದ್ದೆ ಸರಿಯಾಗಿ ಬರಲ್ಲ, ಗಾಬರಿ ಬೇಡ. ಬೇಸಗೆಯ ದಿನ ಬೆಳಕು ಹರಿಯುವಾಗ ನಡಿಗೆ ಶುರು. ಹನ್ನೊಂದಕ್ಕೆ ಎಲ್ಲಿದ್ದರೂ ಇಳಿಯಲು ಶುರು. ಹಾರ್ಸ್‌ಶೂ ಹತ್ತುಮಾರು ದೂರ ಇದ್ದರೂ ಸರಿ. ತಲೆನೋವಿನ ಜೊತೆ ವಾಂತಿ ಬಂದರೆ, ಕುಡಿದವರ ಹಾಗೆ ಹೆಜ್ಜೆ ತಪ್ಪಿದರೆ, ಅಲ್ಲೇ ಕೂತು ಸುಧಾರಿಸಿಕೊಳ್ಳಲು ಹೋಗಬೇಡಿ. ಇಳಿಯಿರಿ, ಮತ್ತೇನೂ ಇಲ್ಲ. ದಾರಿಯ ಅಕ್ಕಪಕ್ಕ ಖಾಸಗಿ ಗಣಿ ಜಾಗಗಳಿವೆ, ಸುರಂಗದ ಬಾಯಿಗೆ, ಮುರುಕು ಕಟ್ಟಡದ ಒಳಗೆ ಹೋಗಬೇಡಿ. ರಸ್ತೆ ಎಲ್ಲಿಯ ತನಕ ತೆರೆದಿದೆ ಅಂತ ಹೊರಡುವ ಮುಂಚೆ ಮಗನಿಗೆ ವಿಚಾರಿಸಲು ಹೇಳಿ.

ಮಗ ಸ್ಯಾಡಲ್ ಹತ್ತಿರ ನಿಂತು, ‘ಅಪ್ಪಾ, ಬಲಗಡೆದು ಹದಿನಾಲ್ಕು, ಫೋಟೊಗೆ ಅದೇ ಚೆಂದ’ ಅಂತ ರಾಗ ಎಳೆಯಬಹುದು. ಅವನಿಗೆ ಆ 34 ಅಂಕದ ಹುಡುಗನ ಕತೆ ಹೇಳಿ.

ಪ್ರಶ್ನೆ: ಒಂದೇ ದಿನ ಎರಡು ಶಿಖರ, ಮೂರು ಶಿಖರ ಅನ್ನೋದೆಲ್ಲ ಚಟ ಅಲ್ವಾ? ಒಂದನ್ನೇ ನೆಮ್ಮದಿಯಾಗಿ ಹತ್ತಿ ಕೂತು ಬರಬಾರದಾ?
— ಬೆಂಗಳೂರಿನ ಓದುಗರು

ಉತ್ತರ: ಸ್ವಲ್ಪ ಚಟವೇ, ಒಪ್ಪಿದೆ. ಆದರೆ ಒಂದು ಮಾತು. ಬೆಟ್ಟಸಾಲಿನಲ್ಲಿ ಮೊದಲ ಶಿಖರಕ್ಕೆ ಪೂರ್ತಿ ದುಡ್ಡು ಕೊಟ್ಟಿರುತ್ತೀರಿ. ಎರಡನೆಯದು ಅರ್ಧ ಬೆಲೆಗೆ ಸಿಗುತ್ತದೆ, ಏಕೆಂದರೆ ಆಗಲೇ ಏಣಿನ ಮೇಲಿದ್ದೀರಿ. ಏಣಿನ ಮೇಲೆ ನಡೆಯುವ ಆ ಒಂದೆರಡು ತಾಸು, ಎರಡೂ ಕಡೆ ಕಣಿವೆ, ನನಗೆ ನೆತ್ತಿಗಿಂತ ಅದೇ ಇಷ್ಟ. ಒಂದು ಶಿಖರ ಮಾತ್ರ ಹತ್ತಿದವರಿಗೆ ಅದು ಸಿಗುವುದಿಲ್ಲ. ಎಣಿಸುವುದಕ್ಕೆ ಅಂತಲೇ ಹೊರಟರೆ ಮಾತ್ರ ನೀವು ಹೇಳಿದ್ದು ಸರಿ. ನನ್ನ ಊರುಗೋಲು ಹೋಗಿದ್ದು ಹಾಗೇ ಎಣಿಸಲು ಹೋಗಿ.

ಪ್ರಶ್ನೆ: ಹಿಮಾಲಯದಲ್ಲಿ ಚಾರಣಕ್ಕೆ ಹೋದಾಗ ಕ್ಯಾಂಪಿನ ಚಹಾ ಸಪ್ಪೆ, ಬೇಳೆ ಬೇಯಲೇ ಇಲ್ಲ. ಅಡುಗೆಯವರ ತಪ್ಪಾ?
— ದಾವಣಗೆರೆಯ ಓದುಗರು

ಉತ್ತರ: ಪಾಪ, ಅವರನ್ನು ಬೈಬೇಡಿ. ಮೇಲೆ ಹೋದಷ್ಟೂ ನೀರು ಬೇಗ ಕುದಿಯುತ್ತದೆ, ಕಡಿಮೆ ಬಿಸಿಗೇ ಕುದಿಯುತ್ತದೆ. 12,000 ಅಡಿಯಲ್ಲಿ ಸುಮಾರು 88 ಡಿಗ್ರಿಗೇ ಗುಳುಗುಳು ಶುರು. ಎಷ್ಟು ಉರಿ ಹಾಕಿದರೂ ಅದರ ಮೇಲೆ ಏರುವುದಿಲ್ಲ. ಬೇಳೆಗೆ ಅಷ್ಟು ಸಾಲದು, ಚಹಾ ಸೊಪ್ಪಿಗೂ ಸಾಲದು. ಬೇಳೆಗೆ ಕುಕ್ಕರ್ ಬೇಕೇ ಬೇಕು. ಚಹಾ ಸೊಪ್ಪು ಇನ್ನೊಂದು ಚಮಚ ಜಾಸ್ತಿ ಹಾಕಿ, ಸ್ವಲ್ಪ ಹೆಚ್ಚು ಹೊತ್ತು ಕುದಿಸಿ. ನಾನು ಕೆಳಗೇ ಮಾಡಿ ಥರ್ಮಾಸಿನಲ್ಲಿ ಒಯ್ಯುತ್ತೇನೆ. ಮೇಲೆ ಹೋದಾಗ ಮುಚ್ಚಳ ನಿಧಾನವಾಗಿ ತೆಗೆಯಿರಿ, ಒಂದು ಸಲ ಮೂತಿಗೆ ಚಿಮ್ಮಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಬಿಪಿ ಇದೆ, ಮಾತ್ರೆ ತಗೋತಾರೆ. ಎತ್ತರದ ಬೆಟ್ಟ ಹತ್ತಬಹುದಾ ಅಕ್ಕಾ?
— ಶಿವಮೊಗ್ಗದ ಓದುಗರು

ಉತ್ತರ: ಇದಕ್ಕೆ ನಾನು ಉತ್ತರ ಕೊಡಬಾರದು ತಾಯಿ. ಯಾವ ಊರು, ಎಷ್ಟು ಅಡಿ, ಎಷ್ಟು ದಿನ ಅಂತ ಒಂದು ಚೀಟಿಯಲ್ಲಿ ಬರೆದು ಅವರನ್ನು ನೋಡುವ ಡಾಕ್ಟರಿಗೇ ತೋರಿಸಿ. ಸುಮ್ನೆ ‘ಬೆಟ್ಟಕ್ಕೆ ಹೋಗ್ತೀವಿ’ ಅಂದರೆ ಅವರು ನಂದಿಬೆಟ್ಟ ಅಂದುಕೊಳ್ಳುತ್ತಾರೆ.

ಪ್ರಶ್ನೆ: ಆಂಟಿ, ಅಮೆರಿಕದ ಆ ಬೆಟ್ಟಗಳಲ್ಲಿ ಇಂಬಳ ಇರುತ್ತಾ? ನನಗೆ ಅದೊಂದೇ ಭಯ.
— ಕೊಪ್ಪದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಇಲ್ಲ ಮಗಾ, ಒಂದೂ ಸಿಗಲಿಲ್ಲ. ನಶ್ಯಪುಡಿ, ಸುಣ್ಣ, ಉಪ್ಪು ಎಲ್ಲ ಕಟ್ಟಿಕೊಂಡು ಹೋಗಿದ್ದೆ, ಹಾಗೇ ವಾಪಸ್ ತಂದೆ. ಅಲ್ಲಿ ಇರುವ ಕಳ್ಳ ಬೇರೆ. ಮಾರ್ಮಟ್ ಅಂತ, ಬೆಕ್ಕಿಗಿಂತ ದಪ್ಪ, ಹಳದಿ ಹೊಟ್ಟೆಯ ದೊಡ್ಡ ಅಳಿಲಿನ ಜಾತಿ. ಬಂಡೆ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುತ್ತೆ, ಸೋಮಾರಿ ಅಂದುಕೊಳ್ಳುತ್ತೀಯ. ನಾನು ಬೂಟಿನ ದಾರ ಕಟ್ಟಲು ಬಗ್ಗಿದ್ದೆ. ಅಷ್ಟರಲ್ಲಿ ಬ್ಯಾಗಿನ ಪಟ್ಟಿ ಕಚ್ಚಿ ಅಗಿಯಲು ಶುರು ಮಾಡಿತ್ತು. ಬೆವರಿನ ಉಪ್ಪು ಅದಕ್ಕೆ ಪ್ರಾಣವಂತೆ. ನಶ್ಯಪುಡಿ ತೋರಿಸಿದೆ. ಮೂಸಿ, ಒಂದು ಸೀನು ಸೀನಿ, ಮತ್ತೆ ಪಟ್ಟಿಗೇ ಬಾಯಿ ಹಾಕಿತು.